ಒಳಗೆ ಬಿಟ್ಟ ಬಟ್ಟೆ

ಫೆಬ್ರವರಿ 3

ಹೊಲಿಗೆ ಮಾಸ್ತರರಿಗೆ,

ಏಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ವಿಚಾರಿಸುವುದಕ್ಕಲ್ಲ, ಒಂದು ಮಾತು ಕೇಳುವುದಕ್ಕೆ. ಫೋನು ಮಾಡಬಹುದಿತ್ತು. ಆದರೆ ನಾವಿಬ್ಬರು ಫೋನಿನಲ್ಲಿ ಸಿಕ್ಕರೆ ಮೂರನೆಯ ಮಾತಿಗೆ ಜಗಳ ಶುರುವಾಗುತ್ತದೆ, ನಾನು ಕೇಳಬೇಕಾದದ್ದು ಆರನೆಯ ಮಾತಿನಲ್ಲಿದೆ.

ಅಂಗಡಿ ಹಾಗೇ ಇದೆ. ನಿನ್ನ ಮಷೀನಿನ ಮುಂದೆ ನನ್ನ ತಂಗಿ ಕೂರುತ್ತಾಳೆ. ಕಾಜಾ, ಹೆಮ್ಮಿಂಗ್ ಮಾಡಿಕೊಂಡಿದ್ದವಳು ಈಗ ಕೋಟಿಗೆ ತೋಳು ಕೂರಿಸುತ್ತಾಳೆ. ನಿನ್ನಷ್ಟು ಚೆನ್ನಾಗಿ ಅಲ್ಲ, ಆದರೆ ನಿನ್ನಷ್ಟು ಗೊಣಗುವುದಿಲ್ಲ. ಕತ್ತರಿಸುವ ಮೇಜು ಇವತ್ತಿಗೂ ನನ್ನದೇ.

ನನ್ನ ಮೈ ನಿನಗೆ ಗೊತ್ತು. ಹುಟ್ಟಿದಾಗಿನಿಂದ ಕಾಫಿ ಬಣ್ಣದ ಮಚ್ಚೆಗಳು, ಮೀಸೆ ಬಂದಾಗಿನಿಂದ ಚರ್ಮದ ಮೇಲೆ ಮೆತ್ತನೆಯ ಗಂಟುಗಳು. ಇಬ್ಬರೂ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ, ಇವನ ಮೈ ತುಂಬ ಗುಂಡಿ ಹೊಲಿದಿದ್ದಾರೆ, ಕಾಜಾ ಹಾಕಲು ಮರೆತಿದ್ದಾರೆ ಎಂದು ಹೇಳಿ ನನಗೆ ಗುಂಡಿ ಎಂದು ಹೆಸರಿಟ್ಟವನು ನೀನೇ. ಆ ಗುಂಡಿಗಳಲ್ಲಿ ಒಂದು ಬೆಳೆಯಲು ಶುರುಮಾಡಿತು. ಬಲತೋಳಿನ ಒಳಭಾಗದಲ್ಲಿ, ಬಗಲಿನಿಂದ ನಾಲ್ಕು ಬೆರಳು ಕೆಳಗೆ. ನೂರು ಇದ್ದವನಿಗೆ ನೂರಾ ಒಂದನೆಯದರ ಮೇಲೆ ಎಲ್ಲಿ ಗಮನ ಇರುತ್ತದೆ? ಅಂಗಿಯ ತೋಳು ಬಿಗಿಯಾದ ಮೇಲೆ ಟೇಪು ಹಿಡಿದೆ. ಆಗಸ್ಟಿನಲ್ಲಿ ಸುತ್ತಳತೆ ಹನ್ನೊಂದೂ ಕಾಲು ಇಂಚು. ಅಕ್ಟೋಬರಿನಲ್ಲಿ ಹನ್ನೊಂದೂ ಮುಕ್ಕಾಲು. ಹೊಸ ವರ್ಷಕ್ಕೆ ಹದಿಮೂರು. ಎಡತೋಳು ಹನ್ನೊಂದರಲ್ಲೇ ನಿಂತಿದೆ. ಮೆತ್ತಗಿದ್ದದ್ದು ಕಲ್ಲಾಗಿದೆ, ಒತ್ತಿದರೆ ಹೆಬ್ಬೆರಳಿನವರೆಗೂ ಕರೆಂಟು ಹೊಡೆಯುತ್ತದೆ.

ಇಲ್ಲಿಯ ಡಾಕ್ಟರು ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಿಸಿದರು. ಕ್ಯಾನ್ಸರು. ನರದ ಮೇಲೆ ಒಂದು ಹೊದಿಕೆ ಇರುತ್ತದಂತೆ, ಆ ಹೊದಿಕೆ ಕೆಟ್ಟು ಬೆಳೆಯುತ್ತಿದೆಯಂತೆ. ನನ್ನಂಥ ಮಚ್ಚೆ, ಗಂಟು ಇರುವ ಹತ್ತು ಜನರಲ್ಲಿ ಒಬ್ಬರಿಗೆ ಯಾವಾಗಲೋ ಒಂದು ಗಂಟು ಹೀಗೆ ತಿರುಗಿಬೀಳುತ್ತದಂತೆ. ಔಷಧಿಗೆ ಬಗ್ಗುವ ಜಾತಿಯಲ್ಲ, ಕತ್ತರಿಯೇ ಗತಿ ಎಂದರು. ಆಮೇಲೆ ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ಇದರಲ್ಲಿ ಮಾರ್ಜಿನ್ನೇ ಮುಖ್ಯ. ಮಾರ್ಜಿನ್ ಧಾರಾಳ ಇಟ್ಕೊಂಡ್ರೆ ಒಳ್ಳೇದು, ಕಡಿಮೆ ಆದ್ರೆ ವಾಪಸ್ ಬರುತ್ತೆ. ನಿಮ್ಮ ಬೆರಳಿನ ವಿಷಯಾನೂ ಅದರ ಮೇಲೇ ನಿಂತಿದೆ. ಯೋಚನೆ ಮಾಡಿ ಹೇಳಿ." ಅಷ್ಟರಲ್ಲಿ ಬಾಗಿಲ ಹತ್ತಿರದ ನರ್ಸು ಮುಂದಿನ ನಂಬರು ಕೂಗಿದಳು.

ಮಾರ್ಜಿನ್ ಕಡಿಮೆಯಾದರೆ ವಾಪಸ್ ಬರುತ್ತದೆ ಎನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಜ್ವರ ಬಂದು ಮಲಗಿದ್ದ ವಾರ ನೀನು ಶಾಲೆಯ ಬಟ್ಟೆ ಕತ್ತರಿಸಿ, ಒಳಗೆ ಕಾಲಿಂಚು ಬಿಟ್ಟು ಹೊಲಿದ ನಲವತ್ತು ಪ್ಯಾಂಟುಗಳು ವಾಪಸ್ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಕ್ಕಳು ಬೆಳೆದಿದ್ದರು, ಬಿಚ್ಚಿ ಅಗಲ ಮಾಡಲು ಒಳಗೆ ಬಟ್ಟೆಯೇ ಇರಲಿಲ್ಲ. ಹಾಗಾಗಿ ಇಲ್ಲೂ ನನ್ನ ಲೆಕ್ಕ ಅದೇ. ಒಳಗೆ ಮಾಂಸ ಧಾರಾಳ ಬಿಟ್ಟು ಗಂಟನ್ನಷ್ಟೇ ಬಿಡಿಸಿ ತೆಗೆದರೆ ಬೆರಳು ಉಳಿಯುತ್ತದೆ. ಬೆರಳು ಹೋಗುವುದಾದರೆ ಆಪರೇಷನ್ನೇ ಬೇಡ ಎಂದು ತಂಗಿಗೆ ಹೇಳಿಬಿಟ್ಟಿದ್ದೇನೆ. ಹೆಬ್ಬೆರಳಿಲ್ಲದೆ ಕತ್ತರಿ ಹಿಡಿಯಲು ಬರುವುದಿಲ್ಲ, ಕತ್ತರಿ ಇಲ್ಲದೆ ಆ ಅಂಗಡಿಯಲ್ಲಿ ನಾನು ಯಾರು?

ನೀನು ಈಗ ಆಸ್ಪತ್ರೆಯವನು. ಡಾಕ್ಟರುಗಳ ಮಾತು ದಿನಾ ಕಿವಿಗೆ ಬೀಳುತ್ತದೆ. ಧಾರಾಳ ಬಿಡಲು ಹೇಳಲೋ ಬೇಡವೋ, ವಿಚಾರಿಸಿ ಬರೆ.

ಇತಿ,
ಕಟಿಂಗ್ ಮಾಸ್ತರ

*

ಫೆಬ್ರವರಿ 9

ಕಟಿಂಗ್ ಮಾಸ್ತರರ ಸನ್ನಿಧಾನಕ್ಕೆ,

ತಮ್ಮ ಪತ್ರ ತಲುಪಿತು. ತಾವು ನನ್ನನ್ನು ಆಸ್ಪತ್ರೆಯವನು ಎಂದಿದ್ದೀರಿ. ನಾನಿರುವುದು ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ. ಒಂದು ಕಡೆ ಬಾಯ್ಲರು, ಇನ್ನೊಂದು ಕಡೆ ಇಸ್ತ್ರಿ, ನಡುವೆ ನಾಲ್ಕು ಮಷೀನು. ಡಾಕ್ಟರ ಗೌನು, ರೋಗಿಯ ಗೌನು, ದಿಂಬಿನ ಚೀಲ, ಮತ್ತು ಆಪರೇಷನ್ನಿಗೆ ಹೊದಿಸುವ ಹಸಿರು ಬಟ್ಟೆ. ಆ ಬಟ್ಟೆಯ ನಡುವೆ ಒಂದು ತೂತು ಇರುತ್ತದೆ. ತೂತಿನ ಸುತ್ತ ಪಟ್ಟಿ ಹೊಲಿಯುವುದು ನನ್ನ ಕೆಲಸ. ಇಲ್ಲಿ ಯಾರೂ ಅಳತೆ ಕೊಡುವುದಿಲ್ಲ, ಯಾರೂ ಟ್ರಯಲ್ಲಿಗೆ ಬರುವುದಿಲ್ಲ, ಯಾರೂ ಹೊಲಿಗೆ ಬಿಚ್ಚಿ ನೋಡುವುದಿಲ್ಲ. ಇದರಲ್ಲಿ ಒಂದು ನೆಮ್ಮದಿ ಇದೆ.

ಪ್ಯಾಂಟಿನ ಪ್ರಸ್ತಾಪ ತಾವೇ ತೆಗೆದದ್ದರಿಂದ ಉಳಿದದ್ದನ್ನೂ ನೆನಪಿಸುತ್ತೇನೆ. ಅಂಗಡಿ ತುಂಬ ಗಿರಾಕಿಗಳಿದ್ದಾಗ ತಾವು ಒಂದು ಪ್ಯಾಂಟಿನ ಹೊಲಿಗೆ ಬಿಚ್ಚಿ, ಎತ್ತಿ ಹಿಡಿದು, "ಇವನ ಮನಸ್ಸಿನ ಅಗಲ ಇಷ್ಟೇ ನೋಡಿ, ಕಾಲಿಂಚು" ಅಂದಿರಿ. ಮಾರನೆಯ ದಿನದಿಂದ ಬೀದಿಯಲ್ಲಿ ನನ್ನ ಹೆಸರೇ ಅದಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಮನೆಯಿಂದ ಬಂದವನು ನಾನು, ಬಟ್ಟೆ ಉಳಿಸುವುದು ತಪ್ಪೆಂದು ನನಗೆ ಯಾರೂ ಹೇಳಿರಲಿಲ್ಲ. ತಪ್ಪೆಂದು ಗೊತ್ತಾದ ಮೇಲೂ ಅಲ್ಲಿರಲು ಆಗಲಿಲ್ಲ.

ಗಂಟುಗಳ ಆಪರೇಷನ್ ಮಾಡುವ ದೊಡ್ಡ ಡಾಕ್ಟರೊಬ್ಬರು ಇಲ್ಲಿದ್ದಾರೆ. ಅವರ ಗೌನಿನ ದಾರ ವಾರಕ್ಕೊಮ್ಮೆ ಕಿತ್ತು ಬರುತ್ತದೆ. ಬಂದಾಗ ಕೇಳುತ್ತೇನೆ.

ಆ ಗಂಟನ್ನು ಒತ್ತಿ ಒತ್ತಿ ನೋಡಬೇಡಿ.

ಇತಿ,
ಕಾಲಿಂಚು

*

ಫೆಬ್ರವರಿ 16

ಗುಂಡಿ,

ಕೇಳಿದೆ. ಮಾರ್ಜಿನ್ ಧಾರಾಳ ಇಡಲು ಹೇಳು. ಸಹಿ ಹಾಕು. ತಡ ಮಾಡಬೇಡ.

ಕಾಲಿಂಚು

*

ಫೆಬ್ರವರಿ 20

ಕಾಲಿಂಚು,

ನಿನ್ನ ಕಾರ್ಡು ಬಂತು. ಎರಡು ಸಲ ಓದಿದೆ. ಓದಲು ಅದರಲ್ಲಿ ಬಹಳವೇನೂ ಇರಲಿಲ್ಲ, ಆದರೂ ಓದಿದೆ. ಕಾಗದದಲ್ಲೂ ಮಾರ್ಜಿನ್ ಬಿಡದೆ ಬರೆಯುವವನು ಈ ಸಲ ಕಾರ್ಡಿನ ಮುಕ್ಕಾಲು ಭಾಗ ಖಾಲಿ ಬಿಟ್ಟಿದ್ದೀಯ.

ಸಹಿ ಹಾಕಿ ಬಂದೆ. ಧಾರಾಳ ಇರಲಿ ಡಾಕ್ಟರೇ, ನನ್ನದು ಯಾವತ್ತೂ ಧಾರಾಳದ ಕೈ ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಬೆನ್ನು ತಟ್ಟಿದರು. ಇಪ್ಪತ್ತಮೂರಕ್ಕೆ ಆಪರೇಷನ್.

ಒಪ್ಪಿಕೊಂಡಿದ್ದ ಎರಡು ಕೋಟು, ಐದು ಪ್ಯಾಂಟು ಕತ್ತರಿಸಿ, ಗಂಟುಕಟ್ಟಿ, ಒಂದೊಂದರ ಮೇಲೂ ಚೀಟಿ ಇಟ್ಟೆ. ನನ್ನ ಹನ್ನೆರಡು ಇಂಚಿನ ಕತ್ತರಿಗೆ ಎಣ್ಣೆ ಹಚ್ಚಿ, ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ, ಮೇಲಿನ ಹಲಗೆಯ ಮೇಲೆ ಇಟ್ಟೆ. ಒಂದು ತಿಂಗಳ ರಜೆಗೆ ಇಷ್ಟೆಲ್ಲ ಯಾಕೆ ಎಂದು ತಂಗಿ ಕೇಳಿದಳು. ತುಕ್ಕಿಗೆ ತಿಂಗಳೇನು, ವರ್ಷವೇನು ಎಂದೆ.

ಇತಿ,
ಗುಂಡಿ

*

ಮಾರ್ಚ್ 4

ಹೊಲಿಗೆ ಅಣ್ಣನಿಗೆ,

ಅಣ್ಣ ಹೇಳುತ್ತಾನೆ, ನಾನು ಬರೆಯುತ್ತಿದ್ದೇನೆ.

ಆಪರೇಷನ್ ಐದೂವರೆ ಗಂಟೆ ನಡೆಯಿತು. ತೋಳು ಇದೆ. ಬಗಲಿನಿಂದ ಮೊಣಕೈವರೆಗೆ ಮೂವತ್ತೆಂಟು ಹೊಲಿಗೆ, ಒಂದಕ್ಕೂ ಇನ್ನೊಂದಕ್ಕೂ ಅಂತರ ಸಮ ಇಲ್ಲ ಎಂದು ಬರೆಯಲು ಹೇಳಿದ್ದಾನೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಕೆಲಸ ಮಾಡುತ್ತಿಲ್ಲ. ಮುಟ್ಟಿದರೂ ಗೊತ್ತಾಗುವುದಿಲ್ಲ. ಉಳಿದೆರಡು ಬೆರಳು ಸರಿಯಾಗಿವೆ. ಅವುಗಳಿಂದ ಯಾವ ಕೆಲಸವಿದೆ ಎಂದು ಕೇಳುತ್ತಾನೆ. ತೆಗೆದದ್ದರ ರಿಪೋರ್ಟು ಬಂದಿದೆ. ಸುತ್ತಲೂ ಮಾರ್ಜಿನ್ ಚೊಕ್ಕಟವಾಗಿದೆಯಂತೆ. ಇನ್ನು ಗಾಯ ಒಣಗಿದ ಮೇಲೆ ರೇಡಿಯೇಷನ್, ಮೂವತ್ತು ಸಲ.

ಇಲ್ಲಿಗೆ ಅಣ್ಣ ಹೇಳಿದ್ದು ಮುಗಿಯಿತು. ಅವನಿಗೆ ನಿದ್ದೆ ಬಂದಿದೆ. ಮುಂದಿನದು ನನ್ನದು.

ರಿಪೋರ್ಟು ಬಂದ ದಿನ ಡಾಕ್ಟರು ಮಂಚದ ಹತ್ತಿರ ನಿಂತು ಬಿಡಿಸಿ ಹೇಳಿದರು. ಗಂಟಿನ ಸುತ್ತ ಎರಡು ಸೆಂಟಿಮೀಟರ್ ಒಳ್ಳೆಯ ಮಾಂಸವನ್ನೂ ಸೇರಿಸಿ ತೆಗೆಯುತ್ತಾರಂತೆ. ಅದನ್ನೇ ಮಾರ್ಜಿನ್ ಎನ್ನುತ್ತಾರಂತೆ. ನರವೂ ಅದರೊಳಗೇ ಇತ್ತು, ಅದೂ ಹೋಯಿತು. ಇನ್ನೊಮ್ಮೆ ಹೇಳಿ ಡಾಕ್ಟರೇ ಎಂದೆ ನಾನು. ನಮ್ಮ ಅಂಗಡಿಯಲ್ಲಿ ಮಾರ್ಜಿನ್ ಎಂದರೆ ಒಳಗೆ ಉಳಿಯುವುದು. ಅವರಲ್ಲಿ ಹೊರಗೆ ಹೋಗುವುದು. ಅಣ್ಣ ಮಾತ್ರ ಜೋರಾಗಿ ನಕ್ಕುಬಿಟ್ಟ. ಪಕ್ಕದ ಮಂಚದವರು ತಿರುಗಿ ನೋಡಿದರು. ನೋವಿನ ಮಾತ್ರೆಯಿಂದ ಹೀಗಾಗುತ್ತದೆ ಎಂದು ನರ್ಸು ಹೇಳಿದಳು.

ಅವನು ನಿಮ್ಮನ್ನು ಏನೂ ಕೇಳಬೇಡ ಎಂದಿದ್ದಾನೆ. ಆದರೆ ನಾನು ಕೇಳುತ್ತೇನೆ. ನೀವು ಆಸ್ಪತ್ರೆಯಲ್ಲಿ ವಿಚಾರಿಸಿ ಬರೆದಿರಲ್ಲ, ಇದು ನಿಮಗೆ ಗೊತ್ತಿರಲಿಲ್ಲವೇ?

ಇತಿ,
ತಂಗಿ

*

ಮಾರ್ಚ್ 13

ಗುಂಡಿ,

ತಂಗಿಯ ಪತ್ರ ಓದಿದೆ.

ಜೊತೆಯಲ್ಲಿ ಕೈಗೆ ಹಾಕುವ ಜೋಳಿಗೆ ಕಳಿಸಿದ್ದೇನೆ. ಆಸ್ಪತ್ರೆಯವರು ಕೊಡುವುದು ಒರಟು ಬಟ್ಟೆ, ಕುತ್ತಿಗೆ ಉಜ್ಜುತ್ತದೆ. ಇದಕ್ಕೆ ಮೆತ್ತನೆಯ ಹತ್ತಿ ಹಾಕಿದ್ದೇನೆ, ಹೆಗಲ ಮೇಲೆ ಬರುವ ಕಡೆ ಎರಡು ಪದರ. ಅಳತೆ ಕೇಳಲಿಲ್ಲ, ನಿನ್ನ ಅಳತೆ ನನಗೆ ಬಾಯಿಪಾಠ. ರೇಡಿಯೇಷನ್ ಮಾಡುವ ಜಾಗದ ಚರ್ಮ ಕೆಂಪಗೆ ಸುಡುತ್ತದೆ, ಅಲ್ಲಿ ಹೊಲಿಗೆ ತಾಗಬಾರದು. ಅದಕ್ಕೇ ಒಳಗಿನ ಹೊಲಿಗೆಯನ್ನೆಲ್ಲ ಹೊರಕ್ಕೆ ತಿರುಗಿಸಿದ್ದೇನೆ. ನೋಡಲು ಉಲ್ಟಾ ಕಾಣುತ್ತದೆ, ಪರವಾಗಿಲ್ಲ.

ರಜೆ ಹಾಕಿ ಬರಲೇ ಎಂದು ಕೇಳೋಣವೆಂದು ಕೂತೆ. ಬರೆಯಲು ಗೊತ್ತಾಗುತ್ತಿಲ್ಲ. ತಂಗಿಯ ಪ್ರಶ್ನೆಗೆ ಇನ್ನೊಮ್ಮೆ ಬರೆಯುತ್ತೇನೆ ಎಂದು ಅವಳಿಗೆ ಹೇಳು.

ಕಾಲಿಂಚು

*

ಏಪ್ರಿಲ್ 27

ಕಾಲಿಂಚು,

ಎಡಗೈ. ಅಕ್ಷರ ನೋಡಿ ನಗು.

ಜೋಳಿಗೆ ಬಂತು. ಅರ್ಧ ಇಂಚು ದೊಡ್ಡದು. ನೀನು ಹೊಲಿದದ್ದು ದೊಡ್ಡದಾಗಿ ಬಂದದ್ದು ಇದೇ ಮೊದಲು. ನಾನೇ ಇಳಿದಿರಬೇಕು.

ರೇಡಿಯೇಷನ್ ಹನ್ನೆರಡು ಆಯಿತು. ಹದಿನೆಂಟು ಬಾಕಿ. ಮೇಜಿನ ಮೇಲೆ ಮಲಗಿಸಿ, ತೋಳಿನ ಮೇಲೆ ಗೆರೆ ಹಾಕಿ, ಎಲ್ಲರೂ ಆಚೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ನಾಲ್ಕು ನಿಮಿಷ. ನೋವಿಲ್ಲ.

ಬರಬೇಡ.

ಗುಂಡಿ

*

ಜೂನ್ 2

ಗುಂಡಿ,

ಇದನ್ನು ನಾಲ್ಕನೆಯ ಸಲ ಬರೆಯುತ್ತಿದ್ದೇನೆ. ಈ ಸಲ ಅಂಚೆಗೆ ಹಾಕುತ್ತೇನೆ.

ನನಗೆ ಗೊತ್ತಿತ್ತು.

ಫೆಬ್ರವರಿಯಲ್ಲಿ ದೊಡ್ಡ ಡಾಕ್ಟರು ಗೌನಿನ ದಾರ ಹೊಲಿಸಿಕೊಳ್ಳಲು ಕೆಳಗೆ ಬಂದರು. ಹೊಲಿಯುತ್ತ ಕೇಳಿದೆ, ನರದ ಗಂಟಿಗೆ ಮಾರ್ಜಿನ್ ಎಂದರೆ ಏನು ಅಂತ. ಅವರು ನನ್ನ ಮೇಜಿನ ಮೇಲಿನ ಸೀಮೆಸುಣ್ಣ ತೆಗೆದುಕೊಂಡು ಹಸಿರು ಬಟ್ಟೆಯ ಮೇಲೆ ಒಂದು ಸಣ್ಣ ಸುತ್ತು, ಅದರ ಹೊರಗೆ ಒಂದು ದೊಡ್ಡ ಸುತ್ತು ಎಳೆದರು. "ಸಣ್ಣದು ಗಂಟು. ನಾವು ಕತ್ತರಿಸೋದು ದೊಡ್ಡದರ ಮೇಲೆ. ಮಧ್ಯ ಇರೋದು ಮಾರ್ಜಿನ್, ಅದೂ ಹೋಗುತ್ತೆ" ಅಂದರು. ನಡುವೆ ನರ ಇದ್ದರೆ ಏನು ಮಾಡುತ್ತೀರಿ ಎಂದೆ. ಗಂಟು ಹುಟ್ಟಿದ್ದೇ ನರದಲ್ಲಿ, ನರವನ್ನು ಉಳಿಸಿದರೆ ಗಂಟಿನ ಬೇರನ್ನು ಉಳಿಸಿದ ಹಾಗೆ ಎಂದರು. ತೋಳಿನ ಒಳಭಾಗ, ಹೆಬ್ಬೆರಳಿಗೆ ಕರೆಂಟು ಹೊಡೆಯುತ್ತದೆ ಎಂದು ನೀನು ಬರೆದದ್ದನ್ನು ಹೇಳಿದೆ. ಅವರು ತಮ್ಮ ಬಲಗೈ ಎತ್ತಿ, ಹೆಬ್ಬೆರಳು ಮತ್ತು ಎರಡು ಬೆರಳು ಮಡಚಿ ತೋರಿಸಿದರು. ಕತ್ತರಿ ಹಿಡಿಯುವ ಬೆರಳುಗಳು.

ಮಾರ್ಜಿನ್ ಕಡಿಮೆ ಮಾಡಿದರೆ ಎಂದು ಕೇಳಿದೆ. ಅರ್ಧಕ್ಕೂ ಹೆಚ್ಚು ಜನರಿಗೆ ಅದೇ ಜಾಗದಲ್ಲಿ ವಾಪಸ್ ಬರುತ್ತದೆ, ಆಗ ತೋಳನ್ನೇ ತೆಗೆಯಬೇಕು, ಅಷ್ಟರಲ್ಲಿ ಬೇರೆ ಕಡೆಗೂ ಹೋಗಿರುತ್ತದೆ ಎಂದರು. ಎಲ್ಲ ಸರಿಯಾಗಿ ಮಾಡಿದರೂ ಐದು ವರ್ಷ ದಾಟುವವರು ನೂರಕ್ಕೆ ಐವತ್ತು, ಮೈ ಮೇಲೆ ಮಚ್ಚೆ ಇರುವವರಲ್ಲಿ ಇನ್ನೂ ಕಡಿಮೆ ಎಂದರು. ದಾರ ಹೊಲಿದಾಗಿತ್ತು. ಗೌನು ಹಾಕಿಕೊಂಡು ಮೇಲಕ್ಕೆ ಹೋದರು.

ನೀನು ಉಲ್ಟಾ ತಿಳಿದಿದ್ದೀಯ ಎಂದು ನನಗೆ ಅಲ್ಲೇ ಗೊತ್ತಾಯಿತು. ಸಂಜೆ ಕೂತು ನಾಲ್ಕು ಹಾಳೆ ಬರೆದೆ, ಸಣ್ಣ ಸುತ್ತು, ದೊಡ್ಡ ಸುತ್ತಿನ ಚಿತ್ರ ಸಹಿತ. ಬರೆದು ಮುಗಿಸಿದ ಮೇಲೆ ನಿನ್ನ ಪತ್ರ ಮತ್ತೆ ತೆಗೆದು ಓದಿದೆ. ಬೆರಳು ಹೋಗುವುದಾದರೆ ಆಪರೇಷನ್ನೇ ಬೇಡ ಎಂದು ನೀನು ಬರೆದಿದ್ದೆ. ನೀನು ಆಡಿದ ಮಾತಿಗೆ ತಪ್ಪುವವನಲ್ಲ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನಾಲ್ಕು ಹಾಳೆಯನ್ನೂ ಹರಿದು, ನಾಲ್ಕು ಮಾತಿನ ಕಾರ್ಡು ಹಾಕಿದೆ. ಸುಳ್ಳು ಬರೆಯಲಿಲ್ಲ. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದೇ ಇನ್ನೂ ಕೆಟ್ಟದ್ದು.

ಏಳು ವರ್ಷದ ಹಿಂದೆ ನಾನು ಕೈಕೊಟ್ಟು ಹೋದೆ ಎಂದು ನೀನು ಬೀದಿಗೆಲ್ಲ ಹೇಳಿದೆಯಂತೆ. ಈಗ ನಾನು ನಿನ್ನ ಕೈಯನ್ನೇ ತೆಗೆದೆ. ಕೇಳದೆ ತೆಗೆದೆ. ಕ್ಷಮಿಸು ಎಂದು ಬರೆದರೆ ಸರಿಹೋಗುವ ವಿಷಯ ಇದಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನಾನು ಕೊಯ್ದದ್ದು ಸಿಟ್ಟಿನಲ್ಲಲ್ಲ. ನಿನ್ನನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ, ಅಷ್ಟೇ.

ಇತಿ,
ಕಾಲಿಂಚು

*

ಜುಲೈ 11

ಗುಂಡಿ,

ಪತ್ರ ತಲುಪಿತೋ ಇಲ್ಲವೋ ಎಂದಷ್ಟೇ ಬರೆ. ಬೈದು ಬರೆದರೂ ಸರಿ.

ಕಾಲಿಂಚು

*

ಆಗಸ್ಟ್ 19

ಹೊಲಿಗೆ ಅಣ್ಣನಿಗೆ,

ಎರಡೂ ಪತ್ರ ತಲುಪಿವೆ. ಮೊದಲನೆಯದನ್ನು ಅಣ್ಣ ನಿಂತುಕೊಂಡೇ ಓದಿ, ಮಡಚಿ, ಇಸ್ತ್ರಿ ಮೇಜಿನ ಡ್ರಾಯರಿನಲ್ಲಿ ಇಟ್ಟ. ನಾನು ಕೇಳದೆ ತೆಗೆದು ಓದಿದೆ. ಮೊದಲು ನಿಮ್ಮ ಮೇಲೆ ಸಿಟ್ಟು ಬಂತು. ಒಂದು ವಾರ ಬಿಟ್ಟು, ನಾನೇ ನಿಮ್ಮ ಜಾಗದಲ್ಲಿದ್ದರೆ ಎಂದು ಯೋಚಿಸಿದೆ. ಆಮೇಲೆ ಯೋಚಿಸುವುದನ್ನು ಬಿಟ್ಟೆ.

ಈಗ ಕತ್ತರಿಸುವವಳು ನಾನು. ಅಣ್ಣ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಗೆರೆ ಎಳೆಯುತ್ತಾನೆ, ನಾನು ಆ ಗೆರೆಯ ಮೇಲೆ ಕತ್ತರಿ ಓಡಿಸುತ್ತೇನೆ. ಹನ್ನೆರಡು ಇಂಚಿನದು ನನ್ನ ಕೈಗೆ ಭಾರ, ಹತ್ತು ಇಂಚಿನದು ತೆಗೆದುಕೊಂಡಿದ್ದೇನೆ. ಮೊದಲ ವಾರ ಎರಡು ತೋಳು ಹಾಳುಮಾಡಿದೆ. ಅವನು ಬೈಯಲಿಲ್ಲ. ಅದನ್ನು ಕಂಡು ನನಗೆ ಭಯವಾಯಿತು.

ಮೂರು ತಿಂಗಳಿಗೊಮ್ಮೆ ತೋಳು, ಎದೆ ಎರಡನ್ನೂ ಸ್ಕ್ಯಾನ್ ಮಾಡುತ್ತಾರೆ. ಮೊದಲನೆಯದು ಚೊಕ್ಕಟವಾಗಿತ್ತು. ಮುಂದಿನದು ಅಕ್ಟೋಬರಿನಲ್ಲಿ. ನಡುನಡುವೆ ಕೆಮ್ಮುತ್ತಾನೆ. ಉಣ್ಣೆ ಬಟ್ಟೆಯ ಧೂಳು ಎನ್ನುತ್ತಾನೆ.

ಇತಿ,
ತಂಗಿ

*

ನವೆಂಬರ್ 8

ಕಾಲಿಂಚು,

ಎಡಗೈ ಅಕ್ಷರ ಈಗ ಓದುವಂತಿದೆ. ನಿಧಾನ ಅಷ್ಟೇ. ಈ ಪತ್ರಕ್ಕೆ ಮೂರು ದಿನ ಹಿಡಿಯಿತು.

ಮೊದಲು ಸುದ್ದಿ. ಅಕ್ಟೋಬರಿನ ಸ್ಕ್ಯಾನಿನಲ್ಲಿ ತೋಳು ಚೊಕ್ಕಟವಾಗಿದೆ. ಶ್ವಾಸಕೋಶದಲ್ಲಿ ನಾಲ್ಕು ಗಂಟು, ಅಂಗಿಯ ಗುಂಡಿಯ ಗಾತ್ರದ್ದು. ಎರಡು ಬಲಕ್ಕೆ, ಎರಡು ಎಡಕ್ಕೆ. ಆ ಜಾಗದಲ್ಲಿ ಕತ್ತರಿಗೆ ಕೆಲಸವಿಲ್ಲವಂತೆ. ಮೂರು ವಾರಕ್ಕೊಮ್ಮೆ ಔಷಧಿ ಏರಿಸುತ್ತಾರೆ, ಆರು ಸಲ. ನಾಲ್ಕೈದು ಜನರಲ್ಲಿ ಒಬ್ಬರಿಗೆ ಕುಗ್ಗುತ್ತದೆ. ಎಷ್ಟು ಕಾಲ ಎಂದು ಕೇಳಿದೆ. ಡಾಕ್ಟರು ಮುಚ್ಚಿಡಲಿಲ್ಲ. "ಒಂದು ವರ್ಷ ಅಂದ್ಕೊಳ್ಳಿ. ಜಾಸ್ತಿ ಆದ್ರೆ ನನಗೂ ಸಂತೋಷ" ಅಂದರು. ಎರಡು ಸಲ ಏರಿಸಿ ಆಗಿದೆ. ತಲೆಗೂದಲು ಹೋಯಿತು. ಅಂಗಡಿಗೆ ಬರುವವರು ಗುರುತು ಹಿಡಿಯದೆ, ಮಾಸ್ತರು ಇಲ್ಲವೇ ಎಂದು ನನ್ನನ್ನೇ ಕೇಳುತ್ತಾರೆ. ಊಟಕ್ಕೆ ಹೋಗಿದ್ದಾರೆ ಎನ್ನುತ್ತೇನೆ.

ಹಾಗಾದರೆ ಕೈ ಹೋದದ್ದು ದಂಡವೇ ಎಂದು ನೀನು ಈಗ ತಲೆ ಚಚ್ಚಿಕೊಳ್ಳುತ್ತೀಯ. ನಾನೂ ಅದನ್ನೇ ಕೇಳಿದೆ. ಕೈ ಉಳಿಸಿಕೊಂಡಿದ್ದರೆ ತೋಳಿನಲ್ಲೂ ಇರುತ್ತಿತ್ತು, ಎದೆಯಲ್ಲೂ ಇರುತ್ತಿತ್ತು ಎಂದರು. ಆಪರೇಷನ್ನಿಗೆ ಮುಂಚೆಯೇ ಒಂದೆರಡು ಬೀಜ ಹಾರಿಹೋಗಿದ್ದಿರಬಹುದಂತೆ. ಈಗ ತೋಳಿನಲ್ಲಿ ನೋವಿಲ್ಲ, ಅಷ್ಟು ಲಾಭ.

ಇನ್ನು ನಿನ್ನ ಜೂನ್ ತಿಂಗಳ ಪತ್ರ. ಐದು ತಿಂಗಳು ಉತ್ತರ ಬರೆಯಲಿಲ್ಲ. ಸಿಟ್ಟಿತ್ತು. ಆದರೆ ನೀನು ಅಂದುಕೊಂಡ ಕಾರಣಕ್ಕಲ್ಲ.

ನಿನ್ನ ಕಾರ್ಡು ಬಂದ ದಿನ ಎರಡು ಸಲ ಓದಿದೆ ಎಂದು ಬರೆದಿದ್ದೆ. ಯಾಕೆ ಗೊತ್ತೇ? ನಮ್ಮ ಪರಿಚಯ ಮೂವತ್ತು ವರ್ಷದ್ದು. ಅಷ್ಟೂ ವರ್ಷದಲ್ಲಿ ನಿನ್ನ ಬಾಯಿಂದ ಧಾರಾಳ ಎನ್ನುವ ಮಾತು ನಾನು ಕೇಳಿರಲಿಲ್ಲ. ಅದೇ ಮಾತಿಗೆ ಅಂಗಡಿ ಬಿಟ್ಟು ಹೋದವನು ನೀನು. ಅಂಥವನು ಒಂದು ಗೊಣಗಾಟವಿಲ್ಲದೆ, ಒಂದು ಚುಚ್ಚು ಮಾತಿಲ್ಲದೆ ಧಾರಾಳ ಇಡಲು ಹೇಳು ಎಂದು ಬರೆದರೆ, ಎಲ್ಲೋ ಏನೋ ಉಲ್ಟಾ ಇದೆ ಎಂದು ಅನುಮಾನ ಬಂತು. ಮಾರನೆಯ ದಿನ ಕತ್ತರಿಗೆ ಎಣ್ಣೆ ಹಚ್ಚಿ ಹಲಗೆಯ ಮೇಲಿಟ್ಟೆ. ಅದನ್ನೂ ನಿನಗೆ ಬರೆದಿದ್ದೆ, ನೀನು ಓದಿಕೊಳ್ಳಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಡಾಕ್ಟರು ನೇರಳೆ ಪೆನ್ನು ಹಿಡಿದು ತೋಳಿನ ಮೇಲೆ ಎರಡು ಗೆರೆ ಎಳೆದರು. ಗಂಟಿಗೆ ಅಂಟಿಕೊಂಡು ಒಂದು, ಅದರಿಂದ ಒಂದು ಬೆರಳು ಆಚೆ ಇನ್ನೊಂದು. ನಮ್ಮ ಕಸುಬಿನಲ್ಲಿ ಒಳಗೆರೆ ಹೊಲಿಗೆಗೆ, ಹೊರಗೆರೆ ಕತ್ತರಿಗೆ. ಹುಟ್ಟಿದ್ದೇ ಆ ಗೆರೆ ಎಳೆಯುವುದಕ್ಕೆ ಎನ್ನುವ ಹಾಗೆ ಬದುಕಿದವನು ನಾನು, ನನಗೆ ಗೊತ್ತಾಗುವುದಿಲ್ಲವೇ? ಆದರೂ ಕೇಳಿದೆ, ಕತ್ತರಿ ಯಾವ ಗೆರೆಯ ಮೇಲೆ ಡಾಕ್ಟರೇ ಎಂದು. ಅವರು ಹೊರಗೆರೆಯನ್ನು ಮುಟ್ಟಿದರು. ಬೆರಳು ಎಂದೆ. ಅವರು ಹೆಬ್ಬೆರಳು, ತೋರುಬೆರಳು, ನಡುಬೆರಳು ಮುಟ್ಟಿ, ಇವು ಮೂರು, ಮೊದಲೇ ಹೇಳಿದ್ದೆನಲ್ಲ ಎಂದರು. ಅವರು ಹೇಳಿದ್ದರು. ನಾನು ನಮ್ಮ ಅಂಗಡಿಯ ಕಿವಿಯಿಂದ ಕೇಳಿಸಿಕೊಂಡಿದ್ದೆ.

ಬೇಡ ಎನ್ನಲು ಅರ್ಧ ಗಂಟೆ ಸಮಯವಿತ್ತು. ತಂಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಯಾಕೆ ಎಂದು ಈಗ ಕೇಳಿದರೆ ದೊಡ್ಡ ಮಾತು ಹೇಳಬಲ್ಲೆ, ಆದರೆ ಅವತ್ತು ಮಲಗಿಕೊಂಡು ಯೋಚಿಸಿದ್ದು ಇಷ್ಟೇ. ಕಾಲಿಂಚಿಗೆ ನಾನು ಇರಬೇಕಂತೆ. ಅವನು ಜೀವನದಲ್ಲಿ ಒಂದೇ ಸಲ ಧಾರಾಳ ಮಾಡಿದ್ದಾನೆ, ಅದನ್ನು ವಾಪಸ್ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಹೆದರಿಕೆಯೂ ಇತ್ತು. ಎರಡೂ ಇತ್ತು.

ಹಾಗಾಗಿ ನನ್ನ ಕೈ ತೆಗೆದವನು ನೀನಲ್ಲ. ಅಷ್ಟು ದೊಡ್ಡ ಕತ್ತರಿ ನಿನ್ನ ಹತ್ತಿರ ಯಾವತ್ತೂ ಇರಲಿಲ್ಲ. ಸಿಟ್ಟು ಏನೆಂದರೆ, ಬಿಡಿಸಿ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ ಎಂದು ನೀನು ಬರೆದದ್ದು ನಿಜ. ಹಾಳೆಯ ಮೇಲೆ ಓದಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ. ನನ್ನ ಮೊಂಡುತನದ ಅಳತೆಯನ್ನೂ ನೀನು ಬಾಯಿಪಾಠ ಮಾಡಿದ್ದೀಯಲ್ಲ ಎಂದು ಸಿಟ್ಟು ಬಂತು. ಗಿರಾಕಿಗಳ ಎದುರು ನಾನು ಆಡಿದ ಮಾತಿಗೆ ಕ್ಷಮೆ ಕೇಳುವ ಸರದಿ ಮೊದಲು ನನ್ನದಿತ್ತು, ನೀನು ಮುಂಚೆ ಕೇಳಿಬಿಟ್ಟೆ ಎಂದೂ ಸಿಟ್ಟು. ಆ ಮಾತು ತಪ್ಪು. ಅಂಗಡಿ ತುಂಬ ಜನರಿದ್ದಾಗ ಆಡಿದ್ದನ್ನು ಅಂಗಡಿ ತುಂಬ ಜನರಿದ್ದಾಗಲೇ ವಾಪಸ್ ತೆಗೆದುಕೊಳ್ಳಬೇಕು. ನೀನು ಬಂದ ದಿನ ತೆಗೆದುಕೊಳ್ಳುತ್ತೇನೆ.

ಬರಲು ನೆಪ ಬೇಕಲ್ಲ, ಪಾರ್ಸಲಿನಲ್ಲಿ ಇಟ್ಟಿದ್ದೇನೆ. ಬೂದು ಉಣ್ಣೆಯ ಕೋಟಿನ ಬಟ್ಟೆ, ನನಗಾಗಿ. ಗೆರೆ ನಾನು ಎಳೆದೆ, ಕತ್ತರಿಸಿದವಳು ತಂಗಿ. ಹೊಲಿಯುವವನು ನೀನು. ಗುಂಡಿ ಬಲಕ್ಕೆ ಬೇಡ, ಎಡಕ್ಕೆ ಹಾಕು. ಎಡಗೈಯಲ್ಲಿ ಹಾಕಿಕೊಳ್ಳಲು ಸುಲಭ. ಹೆಂಗಸರ ಕೋಟಿನ ಹಾಗಿದೆ ಎಂದು ನಗುವವರು ನಗಲಿ. ಬಲತೋಳಿನ ಒಳಗೆ ಗಾಯದ ಜಾಗಕ್ಕೆ ಹೊಲಿಗೆ ತಾಗದಂತೆ ನೋಡಿಕೋ. ಟ್ರಯಲ್ಲಿಗೆ ನಾನು ಬರಲಾರೆ, ನೀನೇ ತಂದು ತೊಡಿಸಬೇಕು. ನಾಲ್ಕನೆಯ ಔಷಧಿ ಡಿಸೆಂಬರ್ ಇಪ್ಪತ್ತಕ್ಕೆ, ಅದರ ಮೊದಲಿನ ವಾರ ಸ್ವಲ್ಪ ಗೆಲುವಾಗಿರುತ್ತೇನೆ.

ಪ್ರತಿ ತುಂಡಿನ ಮೇಲೂ ಎರಡು ಗೆರೆ ಇವೆ, ಗಾಬರಿಯಾಗಬೇಡ. ಒಳಗೆರೆ ನನ್ನ ಇವತ್ತಿನ ಅಳತೆ, ಎದೆ ಮೂವತ್ತಾರು. ಹೊರಗೆರೆ ಹೋದ ವರ್ಷದ್ದು, ನಲವತ್ತು. ಒಳಗೆರೆಯ ಮೇಲೆ ಹೊಲಿ. ನಡುವಿನದನ್ನು ಕತ್ತರಿಸಬೇಡ, ಒಳಗೇ ಬಿಡು.

ಇತಿ,
ನಿನ್ನ ಗುಂಡಿ